ವಿಶ್ವವಿದ್ಯಾಲಯದಲ್ಲಿ ದಿಕ್ಕು ಹುಡುಕುವವರಿಗೆ

ಪ್ರತಿ ವರ್ಷ ಪಿ.ಯು.ಸಿ. ಫಲಿತಾಂಶ ಹೊರಬೀಳುತ್ತಿದ್ದಂತೆ ನಮ್ಮ ಮನೆಗಳಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ. ಮಗನನ್ನು ಯಾವ ಕೋರ್ಸಿಗೆ ಸೇರಿಸಬೇಕು? ಮಗಳನ್ನು ದೂರದ ಹಾಸ್ಟೆಲಿಗೆ ಕಳುಹಿಸಬಹುದೇ? ಶುಲ್ಕಕ್ಕೆ ಎಲ್ಲಿಂದ ಹೊಂದಿಸುವುದು? ಓದು ಮುಗಿದ ಮೇಲೆ ಉದ್ಯೋಗ ಸಿಕ್ಕೀತೇ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ತಾಯಿಯ ಬಳೆ ಅಡವಿಟ್ಟು, ತಂದೆ ಗಲ್ಫಿನಲ್ಲಿ ಇನ್ನೆರಡು ವರ್ಷ ದುಡಿಯಲು ಒಪ್ಪಿ ಮಕ್ಕಳನ್ನು ಓದಿಸುವ ಕುಟುಂಬಗಳು ಇವನ್ನು ಕೇಳದೆ ಇರಲಾರವು.

ಒಂದೆರಡು ವರ್ಷ ಕಳೆದ ಮೇಲೆ ಅದೇ ಮನೆಗಳಲ್ಲಿ ಬೇರೊಂದು ಮಾತು ಕೇಳಿಬರುತ್ತದೆ. “ಹುಡುಗ ಮೊದಲಿನಂತಿಲ್ಲ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದವನು ಈಗ ಏಕೆ, ಹೇಗೆ ಎಂದು ಕೇಳುತ್ತಾನೆ.” “ಮಗಳು ಇಂಜಿನಿಯರಿಂಗ್ ಬೇಡ, ಸಮಾಜಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ.” ಮನೆಯವರಿಗೆ ಗಾಬರಿಯಾಗುತ್ತದೆ. ಇದು ಬೆಳವಣಿಗೆಯೋ, ದಾರಿ ತಪ್ಪುವಿಕೆಯೋ? ವಿದ್ಯಾರ್ಥಿಯೂ ರಾತ್ರಿ ಹಾಸ್ಟೆಲಿನ ಮಂಚದ ಮೇಲೆ ಮಲಗಿ ಇದೇ ಪ್ರಶ್ನೆಯನ್ನು ತನ್ನೊಳಗೆ ಕೇಳಿಕೊಳ್ಳುತ್ತಿರುತ್ತಾನೆ. ಆದರೆ ಮನೆಯವರು ಗದರುತ್ತಾರೆಂಬ ಭಯದಿಂದ ಅವನು ಬಾಯಿ ಬಿಡುವುದಿಲ್ಲ. ಮಗ ಬೇಸರಪಟ್ಟಾನೆಂಬ ಭಯದಿಂದ ಮನೆಯವರೂ ಬಾಯಿ ಬಿಡುವುದಿಲ್ಲ. ಹೀಗೆ ಒಂದೇ ಪ್ರಶ್ನೆಯನ್ನು ಹೊತ್ತ ಎರಡು ಪೀಳಿಗೆಗಳು ಪರಸ್ಪರ ಮೌನವಾಗಿ ದೂರವಾಗುತ್ತವೆ.

ಪ್ರಿಯ ಓದುಗರೇ, ಆ ಪ್ರಶ್ನೆಯನ್ನು ಗಾಬರಿ ಇಲ್ಲದೆ, ಸಮಾಧಾನದಿಂದ ಪರಿಶೀಲಿಸೋಣ. ಉನ್ನತ ಶಿಕ್ಷಣದ ಈ ಮೂರೋ ಐದೋ ವರ್ಷಗಳಲ್ಲಿ ಮನುಷ್ಯನಿಗೆ ಬದುಕಿನ ದಿಕ್ಕು ಸಿಗುವುದು ಹೇಗೆ? ಅದನ್ನು ಯಾರು ಕೊಡಬೇಕು?

ಎರಡು ಸುಲಭ ಉತ್ತರಗಳು

ಮೊದಲನೆಯ ಉತ್ತರ ಹಿರಿಯರದು. ದಿಕ್ಕನ್ನು ಮನೆಯಲ್ಲೇ ನಿಶ್ಚಯಿಸಿ ಕೊಟ್ಟಿದ್ದೇವೆ, ಕಾಲೇಜು ಕೊಡಬೇಕಾದುದು ಒಂದು ಪದವಿ ಪತ್ರ ಮಾತ್ರ. ಹೋಗು, ಓದು, ಹಾಗೆಯೇ ಹಿಂತಿರುಗಿ ಬಾ ಎನ್ನುತ್ತಾರೆ ಅವರು. ಈ ಮಾತಿನ ಹಿಂದೆ ಪ್ರೀತಿ ಇದೆ, ಅನುಭವವೂ ಇದೆ. ಆದರೆ ಯೋಚಿಸಿ ನೋಡಿ. ಹದಿನೆಂಟರಿಂದ ಇಪ್ಪತ್ತಮೂರರವರೆಗಿನ ಪ್ರಾಯದಲ್ಲಿ ಒಬ್ಬ ಮನುಷ್ಯ ಬದಲಾಗದೆ ಹಿಂತಿರುಗಿದರೆ ಅವನು ಕಲಿತದ್ದಾದರೂ ಏನು? ಗೋದಾಮಿನಲ್ಲಿಟ್ಟ ಮೂಟೆ ಮಾತ್ರ ಇಟ್ಟಂತೆಯೇ ಹೊರಬರುತ್ತದೆ. ಬಿತ್ತಿದ ಬೀಜ ಹಾಗೆ ಬರುವುದಿಲ್ಲ.

ಎರಡನೆಯ ಉತ್ತರ ಈಚಿನ ಕಾಲದ್ದು. ನಿನ್ನ ಮನಸ್ಸಿಗೆ ಯಾವುದು ಹಿತವೋ ಅದೇ ನಿನ್ನ ದಾರಿ, ಬೇರೆ ಯಾರ ಮಾತನ್ನೂ ಕೇಳಬೇಡ ಎಂದು ಅದು ಹೇಳುತ್ತದೆ. ಇದರಲ್ಲಿಯೂ ಸ್ವಲ್ಪ ಸತ್ಯವಿದೆ. ಅಭಿರುಚಿಯೇ ಇಲ್ಲದ ವಿಷಯವನ್ನು ಹೊತ್ತುಕೊಂಡು ನಾಲ್ಕು ವರ್ಷ ನರಳುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮನಸ್ಸಿನ ಹಿತ ಸ್ಥಿರವಾದ ವಸ್ತುವೇ? ಮೊದಲ ವರ್ಷ ಹಿತವೆನಿಸಿದ್ದು ಮೂರನೆಯ ವರ್ಷ ಬೇಸರ ತರುತ್ತದೆ. ಗೆಳೆಯರ ಗುಂಪು ಬದಲಾದರೆ ಹಿತವೂ ಬದಲಾಗುತ್ತದೆ. ಅಂಗೈಯ ಫೋನಿನಲ್ಲಿ ಕ್ಷಣಕ್ಷಣಕ್ಕೂ ಬರುವ ಚಿತ್ರಗಳು ಇಂದು ನಮ್ಮ ಆಸೆಗಳನ್ನೇ ತಯಾರಿಸಿ ಕೊಡುತ್ತಿರುವಾಗ, ನನ್ನ ಮನಸ್ಸು ಎಂದು ನಾನು ಕರೆಯುವುದರಲ್ಲಿ ನನ್ನದು ಎಷ್ಟು, ಪರರು ತುಂಬಿದ್ದು ಎಷ್ಟು ಎಂಬುದೂ ತಿಳಿಯದಾಗಿದೆ.

ನಿಜವಾದ ತೊಡಕು ಇಲ್ಲಿದೆ. ಸರಿಯಾದ ದಿಕ್ಕನ್ನು ಗುರುತಿಸಬೇಕಾದರೆ ಮನುಷ್ಯ ಸ್ವಲ್ಪ ಬೆಳೆದಿರಬೇಕು. ಆದರೆ ಬೆಳೆಯಬೇಕಾದರೆ ಅವನು ಯಾವುದೋ ಒಂದು ದಿಕ್ಕಿನಲ್ಲಿ ನಡೆದಿರಬೇಕು. ಹದಿನೆಂಟು ವರ್ಷದ ಮಗುವಿನ ಮುಂದೆ ಅರ್ಜಿ ನಮೂನೆಯನ್ನಿಟ್ಟು ನಾವು ಕೇಳುವುದು ಇದನ್ನೇ: ಇನ್ನೂ ಕಾಣದ ಊರಿಗೆ ಈಗಲೇ ದಾರಿ ಹೇಳು! ಈ ತೊಡಕಿನಿಂದ ಹೊರಬರುವುದು ಹೇಗೆ?

ಕಿಬ್ಲಾ ತಿಳಿಯದ ಪ್ರಯಾಣಿಕ

ನಮ್ಮ ಮಕ್ಕಳು ಮದ್ರಸಾದಲ್ಲಿ ಕಲಿಯುವ ಒಂದು ಸರಳ ಮಸ್‌ಅಲವನ್ನು ನೆನಪಿಸಿಕೊಳ್ಳಿ. ಅಪರಿಚಿತ ಸ್ಥಳದಲ್ಲಿ ನಮಾಝಿನ ವೇಳೆಯಾಗಿದೆ. ಕಿಬ್ಲಾ ಯಾವ ಕಡೆ ಎಂದು ಪ್ರಯಾಣಿಕನಿಗೆ ತಿಳಿಯದು. ಆತ ಏನು ಮಾಡಬೇಕು? ದಿಕ್ಕು ತಿಳಿಯದೆಂದು ನಮಾಝನ್ನು ಬಿಟ್ಟು ಕೂರುವಂತಿಲ್ಲ. ಹೇಗೂ ತಿಳಿಯದು, ಯಾವ ಕಡೆಯಾದರೇನು ಎಂದು ಮನಸ್ಸಿಗೆ ಬಂದತ್ತ ತಿರುಗಿ ನಿಲ್ಲುವಂತೆಯೂ ಇಲ್ಲ. ಸೂರ್ಯನನ್ನೋ ನಕ್ಷತ್ರಗಳನ್ನೋ ನೋಡಬೇಕು, ತಿಳಿದವರಿದ್ದರೆ ಕೇಳಬೇಕು, ಶಕ್ತಿಮೀರಿ ಯೋಚಿಸಿ ಒಂದು ನಿರ್ಣಯಕ್ಕೆ ಬರಬೇಕು, ಆಮೇಲೆ ಆ ಕಡೆಗೆ ಮುಖ ಮಾಡಿ ನಿಲ್ಲಬೇಕು. ನಂತರ ತಪ್ಪು ತಿಳಿದರೆ ಏನು ಮಾಡಬೇಕೆಂಬ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಆದರೆ ಪ್ರಯತ್ನ ಮಾಡಲೇಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕುಬಾದ ಘಟನೆಯನ್ನೂ ನೆನೆಯಿರಿ. ಹಿಜ್ರಾದ ಹದಿನಾರು-ಹದಿನೇಳು ತಿಂಗಳ ನಂತರ ಕಿಬ್ಲಾ ಬೈತುಲ್ ಮಕ್ದಿಸ್‌ನಿಂದ ಕಅಬಾದೆಡೆಗೆ ಬದಲಾಯಿತು. ಕುಬಾದಲ್ಲಿ ಜನರು ಫಜ್ರ್ ನಮಾಝಿನಲ್ಲಿದ್ದಾಗ ಒಬ್ಬರು ಬಂದು ಆ ಸುದ್ದಿ ಹೇಳಿದರು. ನಮಾಝಿನಲ್ಲಿದ್ದವರು ನಿಂತ ನಿಲುವಿನಲ್ಲೇ ಹೊಸ ದಿಕ್ಕಿಗೆ ತಿರುಗಿದರು. ಅಲ್ಲಿಯವರೆಗೆ ನಿಂತದ್ದು ವ್ಯರ್ಥವಾಯಿತೆಂದು ಅವರು ಭಾವಿಸಲಿಲ್ಲ. ತಿರುಗುವುದು ಅವಮಾನವೆಂದೂ ಭಾವಿಸಲಿಲ್ಲ. ಅವರು ಯಾರಿಗಾಗಿ ನಿಂತಿದ್ದರೋ ಅದು ಬದಲಾಗಿರಲಿಲ್ಲ, ಮುಖ ತಿರುಗಿದ ಕಡೆ ಮಾತ್ರ ಬದಲಾಯಿತು.

ವಿದ್ಯಾರ್ಥಿಯ ಸ್ಥಿತಿಯೂ ಈ ಪ್ರಯಾಣಿಕನದೇ. ಅವನಿಗೆ ಪೂರ್ಣ ಖಚಿತತೆ ಸಿಗುವುದಿಲ್ಲ. ಸಿಗುವವರೆಗೆ ಕಾಯಲೂ ಆಗುವುದಿಲ್ಲ. ಅವನ ಕೈಯಲ್ಲಿರುವುದು ಮೂರು ಸಂಗತಿಗಳು: ಪ್ರಾಮಾಣಿಕವಾದ ಪ್ರಯತ್ನ, ತಿಳಿದವರೊಂದಿಗೆ ಸಮಾಲೋಚನೆ ಮತ್ತು ಯಾರಿಗಾಗಿ ಎಂಬ ಸಂಕಲ್ಪ. ಈ ಸಂಕಲ್ಪವನ್ನೇ ನಾವು ನಿಯ್ಯತ್ ಎನ್ನುತ್ತೇವೆ. ಕರ್ಮಗಳ ಮೌಲ್ಯವು ಸಂಕಲ್ಪವನ್ನು ಅವಲಂಬಿಸಿದೆ ಎಂಬರ್ಥದ ಹದೀಸಿನಿಂದಲೇ ಇಮಾಮ್ ಬುಖಾರಿ(ರ) ತಮ್ಮ ಸಂಗ್ರಹವನ್ನು ಆರಂಭಿಸಿದ್ದಾರೆ. ಕೋರ್ಸು ಬದಲಾಗಬಹುದು, ಊರು ಬದಲಾಗಬಹುದು, ಉದ್ಯೋಗವೂ ಬದಲಾಗಬಹುದು. ನಿಯ್ಯತ್ ಸ್ವಚ್ಛವಾಗಿದ್ದರೆ ಆ ತಿರುವುಗಳು ಮನುಷ್ಯನನ್ನು ಚೂರು ಮಾಡುವುದಿಲ್ಲ. ಇದು ಬರಿಯ ಉಪದೇಶವಲ್ಲ ಎಂಬುದಕ್ಕೆ ಇತಿಹಾಸದಿಂದ ಎರಡು ಜೀವನಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು ನಮ್ಮ ದೇಶದ್ದು, ನೂರು ವರ್ಷಗಳ ಹಿಂದಿನದು. ಇನ್ನೊಂದು ಬಗ್ದಾದಿನದು, ಒಂಬೈನೂರು ವರ್ಷಗಳಿಗೂ ಹಿಂದಿನದು.

ಅಲೀಗಢದ ಒಬ್ಬ ವಿದ್ಯಾರ್ಥಿ

1897ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಝಾಕಿರ್ ಹುಸೈನ್ ಹತ್ತು ವರ್ಷದವರಿದ್ದಾಗ ತಂದೆಯನ್ನು ಕಳೆದುಕೊಂಡರು. 1911ರಲ್ಲಿ ಪ್ಲೇಗ್ ಮಾರಿ ತಾಯಿಯನ್ನೂ ಕೊಂಡೊಯ್ಯಿತು. ವೈದ್ಯರಾಗಬೇಕೆಂಬ ಆಸೆ ಅವರಿಗಿತ್ತು. ಆದರೆ ಕಾಯಿಲೆ ಬಿದ್ದು ಆ ದಾರಿ ಕೈಬಿಟ್ಟಿತು. ಅಲೀಗಢದ ಎಂ.ಎ.ಓ. ಕಾಲೇಜಿನಲ್ಲಿ ಕಲಾ ವಿಷಯಗಳನ್ನು ಓದಿ 1918ರಲ್ಲಿ ಪದವಿ ಪಡೆದರು. ನಂತರ ಅಲ್ಲಿಯೇ ಅರ್ಥಶಾಸ್ತ್ರದ ಎಂ.ಎ. ಮತ್ತು ಕಾನೂನು ಓದುತ್ತ ಪಾಠ ಹೇಳುವ ಕೆಲಸವನ್ನೂ ಮಾಡುತ್ತಿದ್ದರು. ಮಾತಿನಲ್ಲಿ ಜಾಣ, ಗೆಳೆಯರಿಗೆ ಬೇಕಾದವರು. ಆ ಕಾಲದ ಅಲೀಗಢದ ಪದವೀಧರನಿಗೆ ಸರ್ಕಾರಿ ಹುದ್ದೆಯ ಬಾಗಿಲು ತೆರೆದೇ ಇತ್ತು.

1920ರ ಅಕ್ಟೋಬರ್‌ನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲೀಗಢಕ್ಕೆ ಬಂದರು. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ದಿನಗಳವು. ಬ್ರಿಟಿಷ್ ಸರ್ಕಾರದ ನೆರವನ್ನು ಪಡೆಯುವ ಸಂಸ್ಥೆಗಳನ್ನು ಬಿಡಬೇಕೆಂದು ಅವರು ಕರೆ ನೀಡಿದರು. ಕಾಲೇಜಿನ ಆಡಳಿತ ಒಪ್ಪಲಿಲ್ಲ. ಇಪ್ಪತ್ತಮೂರು ವರ್ಷದ ಝಾಕಿರ್ ಹುಸೈನ್ ಕಾಲೇಜನ್ನು ತೊರೆದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳೊಂದಿಗೆ ಹೊರಬಂದರು. 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪನೆಯಾಯಿತು. ದೇವಬಂದಿನ ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್(ರ) ತೀವ್ರ ಅನಾರೋಗ್ಯದ ನಡುವೆಯೂ ಅದಕ್ಕೆ ಅಡಿಗಲ್ಲಾದರು. ಹೊಸ ಸಂಸ್ಥೆಗೆ ಸ್ವಂತ ಕಟ್ಟಡವಿರಲಿಲ್ಲ, ಡೇರೆಗಳಲ್ಲಿ ಪಾಠ ನಡೆಯಿತು.

ಇಲ್ಲಿಯವರೆಗಿನ ಕಥೆಯನ್ನು ಕೇಳಿ ಯುವಕರಿಗೆ ರೋಮಾಂಚನವಾಗಬಹುದು. ಕಾಲೇಜು ಬಿಡುವುದೇ ದೊಡ್ಡತನ ಎನಿಸಲೂಬಹುದು. ದಯವಿಟ್ಟು ಮುಂದಿನದನ್ನೂ ಕೇಳಿ. ಆವೇಶದಲ್ಲಿ ಕಾಲೇಜು ಬಿಟ್ಟವರು ಆ ವರ್ಷ ದೇಶದಲ್ಲಿ ಅನೇಕರಿದ್ದರು. ಝಾಕಿರ್ ಹುಸೈನರ ವಿಶೇಷವೆಂದರೆ ಬಿಟ್ಟ ಮೇಲೆ ಅವರು ಮಾಡಿದ್ದು. ಜಾಮಿಯಾದಲ್ಲಿ ಸ್ವಲ್ಪ ಕಾಲ ಪಾಠ ಹೇಳಿ 1922ರಲ್ಲಿ ಅವರು ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ 1926ರಲ್ಲಿ ಡಾಕ್ಟರೇಟ್ ಪಡೆದರು. ಕಟ್ಟಬೇಕೆಂದುಕೊಂಡವನಿಗೆ ಕಟ್ಟುವ ವಿದ್ಯೆ ಬೇಕು ಎಂದು ಅವರಿಗೆ ತಿಳಿದಿತ್ತು. ಬರ್ಲಿನ್ನಿನ ಕಾವಿಯಾನಿ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, 1925ರಲ್ಲಿ ಗಾಲಿಬ್‌ನ ದೀವಾನನ್ನು ಅಂದವಾಗಿ ಮುದ್ರಿಸಿ ಹೊರತಂದರು. ಸಂಶೋಧನೆ ಮಾಡುವ ಕೈಗೆ ಶಾಯಿಯ ಮಸಿ ಹತ್ತುವುದನ್ನು ಅವರು ಕೀಳೆಂದು ಎಣಿಸಲಿಲ್ಲ.

ಅತ್ತ ಜಾಮಿಯಾದ ಸ್ಥಿತಿ ಹದಗೆಟ್ಟಿತ್ತು. 1922ರಲ್ಲಿ ಅಸಹಕಾರ ಚಳವಳಿ ನಿಂತುಹೋಯಿತು. 1924ರಲ್ಲಿ ತುರ್ಕಿಯಲ್ಲಿ ಖಿಲಾಫತನ್ನೇ ರದ್ದುಮಾಡಲಾಯಿತು. ಹಣ ಕೊಡುವವರಿಲ್ಲ, ಮುಚ್ಚಿಬಿಡೋಣ ಎನ್ನುವವರು ಹೆಚ್ಚಿದರು. ಹಕೀಮ್ ಅಜ್ಮಲ್ ಖಾನ್, ಡಾ. ಅನ್ಸಾರಿ ಮೊದಲಾದವರು 1925ರಲ್ಲಿ ಅದನ್ನು ದೆಹಲಿಗೆ ಸ್ಥಳಾಂತರಿಸಿ ಉಳಿಸಿಕೊಂಡರು. ಸುದ್ದಿ ಬರ್ಲಿನ್ನಿಗೆ ಮುಟ್ಟಿದಾಗ ಝಾಕಿರ್ ಹುಸೈನ್ ಮತ್ತು ಅವರ ಗೆಳೆಯರಾದ ಆಬಿದ್ ಹುಸೈನ್, ಮುಹಮ್ಮದ್ ಮುಜೀಬ್ ಇವರು ತಾವು ಬಂದು ಬದುಕನ್ನೇ ಅದಕ್ಕೆ ಕೊಡಲು ಸಿದ್ಧರಿದ್ದೇವೆ, ಮುಚ್ಚಬೇಡಿರೆಂದು ತಿಳಿಸಿದರು. 1926ರಲ್ಲಿ ಮೂವರೂ ಹಿಂತಿರುಗಿದರು. ಇಪ್ಪತ್ತೊಂಬತ್ತು ವರ್ಷದ ಝಾಕಿರ್ ಹುಸೈನ್ ಕುಲಪತಿಯಾದರು. 1928ರಲ್ಲಿ ಅಲ್ಲಿನ ಅಧ್ಯಾಪಕರ ಒಂದು ತಂಡ ಪ್ರತಿಜ್ಞೆ ಮಾಡಿತು: ಇಪ್ಪತ್ತು ವರ್ಷ ಇಲ್ಲಿಯೇ ಸೇವೆ ಸಲ್ಲಿಸುವೆವು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ವೇತನ ಪಡೆಯೆವು. ಆ ಮೊತ್ತವೂ ಎಷ್ಟೋ ತಿಂಗಳು ಪೂರ್ತಿಯಾಗಿ ಕೈಗೆ ಬರಲಿಲ್ಲ. ಝಾಕಿರ್ ಹುಸೈನ್ 1948ರವರೆಗೆ, ಅಂದರೆ ಇಪ್ಪತ್ತೆರಡು ವರ್ಷ ಜಾಮಿಯಾದ ಚುಕ್ಕಾಣಿ ಹಿಡಿದರು. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಶಿಲಾನ್ಯಾಸವಾದಾಗ ಆ ಕಲ್ಲನ್ನಿಟ್ಟದ್ದು ಯಾವ ನಾಯಕನೂ ಅಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿ. ಮುಂದೆ ಅದೇ ಸಂಸ್ಥೆ 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಝಾಕಿರ್ ಹುಸೈನ್ 1967ರಲ್ಲಿ ಭಾರತದ ರಾಷ್ಟ್ರಪತಿಯಾದರು, 1969ರ ಮೇ 3ರಂದು ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು.

ರಾಷ್ಟ್ರಪತಿಯಾದರು ಎಂಬ ಕಾರಣಕ್ಕಾಗಿ ನಾನು ಅವರ ಕಥೆ ಹೇಳುತ್ತಿಲ್ಲ. 1926ರಲ್ಲಿ ಅಂತಹ ಯಾವ ಭರವಸೆಯೂ ಅವರ ಮುಂದಿರಲಿಲ್ಲ. ಈ ಜೀವನದಲ್ಲಿ ದಿಕ್ಕು ಬಂದ ರೀತಿಯನ್ನು ಗಮನಿಸಿ. ವೈದ್ಯನಾಗುವ ಆಸೆಯನ್ನು ಅವರು ಆರಿಸಿಕೊಂಡಿದ್ದರು, ಅದು ಕಾಯಿಲೆಯಿಂದ ಮುರಿಯಿತು. ಅರ್ಥಶಾಸ್ತ್ರಕ್ಕೆ ಸನ್ನಿವೇಶ ಅವರನ್ನು ತಂದಿತು. ಆದರೆ ಅವರ ಬದುಕಿಗೆ ದಿಕ್ಕು ಸಿಕ್ಕಿದ್ದು, ಜನ ಸಮುದಾಯವೊಂದರ ಅಗತ್ಯವು ಅವರ ಮುಂದೆ ಪ್ರಶ್ನೆಯಾಗಿ ಬಂದು ನಿಂತಾಗ, ಅದಕ್ಕೆ ನಾನು ಉತ್ತರದಾಯಿ ಎಂದು ಅವರಿಗೆ ಅನಿಸಿದಾಗ. ನನಗೇನು ಬೇಕು ಎಂದು ಕೇಳಿಕೊಳ್ಳುತ್ತ ಕುಳಿತವನಿಗೆ ಉತ್ತರ ಸಿಗಲು ಬಹಳ ಕಾಲ ಬೇಕು. ನನ್ನಿಂದ ಏನು ಬೇಕಾಗಿದೆ ಎಂದು ಸುತ್ತ ನೋಡಿದವನಿಗೆ ಉತ್ತರ ಬೇಗ ಕಾಣುತ್ತದೆ, ಹೆಚ್ಚಾಗಿ ಹತ್ತಿರದಲ್ಲಿಯೇ ಕಾಣುತ್ತದೆ.

ಶಿಖರದ ಮೇಲೆ ದಿಕ್ಕು ತಪ್ಪಿದವರು

ಇನ್ನೊಂದು ಜೀವನ ಇಮಾಮ್ ಗಝ್ಝಾಲಿ(ರ) ಅವರದು. 1058ರಲ್ಲಿ ತೂಸ್‌ನಲ್ಲಿ ಹುಟ್ಟಿದ ಅವರ ಬಾಲ್ಯದ ಬಗ್ಗೆ ಜೀವನಚರಿತ್ರೆಕಾರರು ಒಂದು ಸಂಗತಿ ಬರೆದಿದ್ದಾರೆ. ಉಣ್ಣೆ ನೂಲುತ್ತಿದ್ದ ಬಡ ತಂದೆ ಸಾಯುವ ಮುನ್ನ ಇಬ್ಬರು ಗಂಡುಮಕ್ಕಳನ್ನೂ ಅಲ್ಪ ಹಣವನ್ನೂ ಒಬ್ಬ ಸೂಫಿ ಗೆಳೆಯನ ಕೈಗೆ ಒಪ್ಪಿಸಿದರು. ಹಣ ಮುಗಿದಾಗ ಆ ಗೆಳೆಯ, ತಾನೂ ಬಡವನೇ ಆದ್ದರಿಂದ, ಮಕ್ಕಳಿಗೆ ಮದ್ರಸಾ ಸೇರಲು ಹೇಳಿದರು. ಅಲ್ಲಿ ವಿದ್ಯಾರ್ಥಿಗಳಿಗೆ ಊಟ ಸಿಗುತ್ತಿತ್ತು. ಅನ್ನಕ್ಕಾಗಿ ವಿದ್ಯೆಯ ಬಾಗಿಲಿಗೆ ಬಂದೆವು, ಆದರೆ ವಿದ್ಯೆಯೇ ನಮ್ಮನ್ನು ಅಲ್ಲಾಹನ ಕಡೆ ತಿರುಗಿಸದೆ ಬಿಡಲಿಲ್ಲ ಎಂಬರ್ಥದ ಮಾತನ್ನು ಇಮಾಮರು ಮುಂದೆ ಹೇಳಿದ್ದಾಗಿ ಅವರು ದಾಖಲಿಸಿದ್ದಾರೆ.

ಬಡತನವಿರುವ ಮನೆಗಳ ಹಿರಿಯರು ಈ ಘಟನೆಯನ್ನು ಮನಸ್ಸಿನಲ್ಲಿಡಬೇಕು. ದಿಕ್ಕು, ಧ್ಯೇಯ, ಸೇವೆ ಎಂಬುದೆಲ್ಲ ಹೊಟ್ಟೆ ತುಂಬಿದವರ ಮಾತು, ನಮಗೆ ಬೇಕಾದುದು ಕೆಲಸ ಎಂದು ನೀವು ಹೇಳಬಹುದು. ನಿಮ್ಮ ಮಾತನ್ನು ತಳ್ಳಿಹಾಕಲಾಗದು. ಮನೆಯವರ ಹೊಟ್ಟೆ ಹೊರೆಯಲು ಹಲಾಲಾದ ದುಡಿಮೆ ಮಾಡುವುದೇ ಒಂದು ಇಬಾದತ್. ಸಾಲದಲ್ಲಿರುವ ತಂದೆಯ ಮಗ ಮೊದಲು ಆ ಸಾಲವನ್ನು ಇಳಿಸಲು ಹೊರಟರೆ ಅದೂ ಒಂದು ಉದಾತ್ತ ದಿಕ್ಕೇ. ಅನ್ನಕ್ಕಾಗಿ ಓದು ಆರಂಭಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅನ್ನ ಸಿಕ್ಕಿದ ಮೇಲೆಯೂ ಅಲ್ಲಿಯೇ ನಿಂತುಬಿಡುವುದು ನಷ್ಟ. ಸಂಕಲ್ಪವೂ ಮಗುವಿನಂತೆ, ಸಣ್ಣದಾಗಿ ಹುಟ್ಟಿ, ಆರೈಕೆ ಸಿಕ್ಕಿದರೆ ದೊಡ್ಡದಾಗುತ್ತದೆ.

ಗಝ್ಝಾಲಿಯವರು ನೈಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿ(ರ) ಅವರ ಬಳಿ ಕಲಿತು, 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸಾಕ್ಕೆ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಅವರ ಪ್ರಾಯ ಮೂವತ್ತಮೂರು. ಅದು ಆ ಕಾಲದ ಇಸ್ಲಾಮೀ ಜಗತ್ತಿನ ಅತಿ ಪ್ರತಿಷ್ಠಿತ ವಿದ್ಯಾಪೀಠ. ಮುನ್ನೂರು ವಿದ್ಯಾರ್ಥಿಗಳು ಅವರ ಬಳಿ ಓದುತ್ತಿದ್ದರು. ಮಂತ್ರಿಗಳೂ ಖಲೀಫರೂ ಗೌರವಿಸುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಪೂರ್ಣವಾಗಿ ಯಶಸ್ವಿಯಾಗಿದ್ದರು.

1095ರಲ್ಲಿ ಅವರು ತಮ್ಮ ಬೋಧನೆಯ ಹಿಂದಿನ ನಿಯ್ಯತ್ತನ್ನು ಪರೀಕ್ಷಿಸಿ ನೋಡಿದರು. ಅದು ಅಲ್ಲಾಹನಿಗಾಗಿ ಇರಲಿಲ್ಲ, ಕೀರ್ತಿಗಾಗಿ ಇತ್ತು ಎಂದು ಅವರಿಗೆ ಕಂಡಿತು. ಬಿಟ್ಟು ಹೋಗಬೇಕು ಎಂದು ಒಂದು ದಿನ, ಹೇಗೆ ಬಿಡುವುದು ಎಂದು ಇನ್ನೊಂದು ದಿನ. ಹೀಗೆ ಸುಮಾರು ಆರು ತಿಂಗಳು ಹೊಯ್ದಾಡಿದರು. ಕೊನೆಗೆ ತರಗತಿಯಲ್ಲಿ ನಾಲಿಗೆಯೇ ಏಳದಾಯಿತು, ಊಟ ಒಳಗಿಳಿಯದಾಯಿತು, ವೈದ್ಯರು ಕೈಚೆಲ್ಲಿದರು. ಕುಟುಂಬಕ್ಕೆ ಬೇಕಾದಷ್ಟನ್ನು ಏರ್ಪಡಿಸಿ, ಉಳಿದ ಸಂಪತ್ತನ್ನು ಹಂಚಿ, ಅವರು ಬಗ್ದಾದನ್ನು ಬಿಟ್ಟು ದಮಸ್ಕಸ್‌ಗೆ ಹೊರಟರು. ಜೆರುಸಲೇಮ್, ಮಕ್ಕಾ, ಮದೀನಾ ಸಂದರ್ಶಿಸಿದರು. ಹನ್ನೊಂದು ವರ್ಷಗಳ ನಂತರ, 1106ರಲ್ಲಿ, ನೈಶಾಪುರದಲ್ಲಿ ಮತ್ತೆ ಬೋಧನೆಗೆ ನಿಂತರು. ಮೊದಲು ಕಲಿಸುತ್ತಿದ್ದುದು ಪ್ರತಿಷ್ಠೆಯನ್ನು ಗಳಿಸಿಕೊಡುವ ವಿದ್ಯೆ, ಈಗ ಕಲಿಸುವುದು ಪ್ರತಿಷ್ಠೆಯನ್ನು ತೊರೆಯಲು ಕಲಿಸುವ ವಿದ್ಯೆ. ಆದ್ದರಿಂದ ಇದನ್ನು ಹಿಂತಿರುಗುವುದು ಎನ್ನಲಾಗದು ಎಂಬ ಅಭಿಪ್ರಾಯವನ್ನು ಅವರು ತಮ್ಮ ಆತ್ಮಕಥನವಾದ ‘ಅಲ್ ಮುನ್‌ಕಿದ್ ಮಿನದ್ದಲಾಲ್’ನಲ್ಲಿ ಬರೆದಿದ್ದಾರೆ.

ಎರಡೂ ಜೀವನಗಳನ್ನು ಜೊತೆಗಿಟ್ಟು ನೋಡಿ. ಒಬ್ಬರು ಇಪ್ಪತ್ತಮೂರರಲ್ಲಿ ದಿಕ್ಕು ಕಂಡರು. ಇನ್ನೊಬ್ಬರಿಗೆ ಶಿಖರವನ್ನೇರಿದ ಮೇಲೆ, ಮೂವತ್ತೇಳರಲ್ಲಿ, ಏರಿದ್ದು ಬೇರೆ ಬೆಟ್ಟವೆಂದು ತಿಳಿಯಿತು. ಇಬ್ಬರೂ ಒಂದು ಸಂಸ್ಥೆಯನ್ನು ಬಿಟ್ಟರು, ಇಬ್ಬರೂ ಕೊನೆಗೆ ಪಾಠ ಹೇಳುವ ಕೆಲಸಕ್ಕೇ ಬಂದರು. ಇಬ್ಬರೂ ಹೊರಡುವಾಗ ತಮ್ಮ ಹೊಣೆಗಳನ್ನು ಬೀದಿಗೆ ಎಸೆದು ಹೊರಡಲಿಲ್ಲ. ವಿಶ್ವವಿದ್ಯಾಲಯ ಇಬ್ಬರಿಗೂ ಬುದ್ಧಿಯನ್ನು ಹರಿತಗೊಳಿಸಿ ಕೊಟ್ಟಿತು. ಆ ಹರಿತವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಪ್ರತಿಯೊಬ್ಬರೂ ತಮ್ಮ ನಿಯ್ಯತ್ತಿನ ಮುಂದೆ ಒಬ್ಬಂಟಿಯಾಗಿ ನಿಂತು ತೀರ್ಮಾನಿಸಬೇಕಾಯಿತು. ಅದನ್ನು ಯಾವ ವಿಶ್ವವಿದ್ಯಾಲಯವೂ, ಯಾವ ತಂದೆತಾಯಿಯೂ ನಮ್ಮ ಪರವಾಗಿ ಮಾಡಿಕೊಡಲಾರರು.

ಬೆಳವಣಿಗೆಯ ಗುರುತುಗಳು

ಹಾಗಾದರೆ ಮನೆಗೆ ರಜೆಯಲ್ಲಿ ಬಂದ ಮಗ ಅಥವಾ ಮಗಳಲ್ಲಿ ಕಾಣುವ ಬದಲಾವಣೆ ಬೆಳವಣಿಗೆಯೇ ಅಲ್ಲವೇ ಎಂದು ತಿಳಿಯುವುದು ಹೇಗೆ? ವೇಷಭೂಷಣ, ಮಾತಿನ ಧಾಟಿ, ಗೆಳೆಯರ ಹೆಸರುಗಳನ್ನು ನೋಡಿ ಅಳೆಯುವುದು ನಮ್ಮ ಅಭ್ಯಾಸ. ಅದಕ್ಕಿಂತ ಆಳವಾದ ಗುರುತುಗಳಿವೆ.

ಮೊದಲನೆಯದು, ಯಾರೂ ನೋಡದಾಗಿನ ನಡತೆ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಹೊರಹೋದಾಗ ಅವನ ಕಣ್ಣು ಎಲ್ಲಿರುತ್ತದೆ? ಇನ್ನೊಬ್ಬರು ಬರೆದ ಪ್ರಬಂಧವನ್ನು ನಕಲು ಮಾಡಿ, ಅಥವಾ ಯಂತ್ರದಿಂದ ಬರೆಯಿಸಿ ತನ್ನ ಹೆಸರು ಹಾಕುವುದನ್ನು ಅವನು ಜಾಣತನವೆಂದು ತಿಳಿಯುತ್ತಾನೆಯೇ? ಗಝ್ಝಾಲಿಯವರ ವಿದ್ಯಾರ್ಥಿ ಜೀವನದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಜುರ್ಜಾನ್‌ನಿಂದ ಮರಳುವಾಗ ದರೋಡೆಕೋರರು ಅವರ ಟಿಪ್ಪಣಿಗಳ ಗಂಟನ್ನೂ ಕಿತ್ತುಕೊಂಡರು. ಅದರಲ್ಲಿ ನನ್ನ ವಿದ್ಯೆ ಇದೆ, ಕೊಡಿ ಎಂದು ಅವರು ಬೇಡಿದಾಗ ದರೋಡೆಕೋರರ ನಾಯಕ ನಕ್ಕನಂತೆ: ಗಂಟು ಹೋದರೆ ಹೋಗುವ ವಿದ್ಯೆ ನಿನ್ನದು ಹೇಗಾಯಿತು? ಆ ಮಾತನ್ನು ಎಚ್ಚರಿಕೆಯಾಗಿ ಸ್ವೀಕರಿಸಿ ಅವರು ಮೂರು ವರ್ಷ ಕುಳಿತು ಬರೆದದ್ದನ್ನೆಲ್ಲ ಮನನ ಮಾಡಿಕೊಂಡರೆಂದು ಹೇಳಲಾಗುತ್ತದೆ. ಇಂದು ಗಂಟಿನ ಜಾಗದಲ್ಲಿ ಫೋನು ಬಂದಿದೆ, ಆ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಎರಡನೆಯದು, ಕಾಳಜಿಯ ವಿಸ್ತಾರ. ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವವರ ಹೆಸರು ಅವನಿಗೆ ಗೊತ್ತೇ? ಬೇರೆ ಧರ್ಮದ, ಬೇರೆ ಜಿಲ್ಲೆಯ ಕೊಠಡಿ ಸಂಗಾತಿಗೆ ಜ್ವರ ಬಂದಾಗ ಅವನು ರಾತ್ರಿ ಎದ್ದು ನೀರು ಕೊಟ್ಟನೇ? ಊರಿನ ಓಣಿಯಲ್ಲಿ ತನ್ನ ಜಾತಿ-ಜನದವರನ್ನು ಮಾತ್ರ ಕಂಡು ಬೆಳೆದ ಹುಡುಗನಿಗೆ ವಿಶ್ವವಿದ್ಯಾಲಯ ಕೊಡಬಹುದಾದ ದೊಡ್ಡ ಕೊಡುಗೆ ಇದು. ತನ್ನ ನಂಬಿಕೆಯನ್ನು ಬಿಡದೆಯೇ ಇತರರ ನೋವು ತನ್ನದೆನಿಸುವುದು. ಕಾಳಜಿ ಕುಗ್ಗಿ, ಮನೆಯವರು ಹಳ್ಳಿಗಾಡಿನವರು ಎಂಬ ನಾಚಿಕೆ ಬೆಳೆದಿದ್ದರೆ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಚಿಂತಿಸಬೇಕಾದ ಕಾರಣವಿದೆ.

ಮೂರನೆಯದು, ನನಗೆ ಗೊತ್ತಿಲ್ಲ ಎನ್ನುವ ಧೈರ್ಯ. ಇಮಾಮ್ ಮಾಲಿಕ್(ರ) ಅವರಿಗೆ ಒಮ್ಮೆ 48 ಪ್ರಶ್ನೆಗಳನ್ನು ಕೇಳಿದಾಗ 32ಕ್ಕೆ ನನಗೆ ಗೊತ್ತಿಲ್ಲ ಎಂದರೆಂದು ವರದಿಯಾಗಿದೆ. ನಾಲ್ಕು ಪುಸ್ತಕ ಓದಿ ಮನೆಯ ಹಿರಿಯರನ್ನೆಲ್ಲ ಮೂರ್ಖರೆನ್ನುವ ಹುಡುಗ ಇನ್ನೂ ಬೆಳೆದಿಲ್ಲ. ಪ್ರಶ್ನೆ ಕೇಳುವ ಹುಡುಗನನ್ನು ಆ ಸಾಲಿಗೆ ಸೇರಿಸಬೇಡಿ. ಕೇಳುವವನು ಉತ್ತರಕ್ಕೆ ಕಿವಿಗೊಡುತ್ತಾನೆಯೇ ಎಂದು ಗಮನಿಸಿ. ಕಿವಿಗೊಡುತ್ತಿದ್ದರೆ ಅವನ ಪ್ರಶ್ನೆ ಅಹಂಕಾರದ್ದಲ್ಲ, ಹಸಿವಿನದು.

ಮಕ್ಕಳಿಗೊಂದು ಮಾತು, ಹಿರಿಯರಿಗೊಂದು ಮಾತು

ವಿದ್ಯಾರ್ಥಿ ಮಿತ್ರರೇ, ದಿಕ್ಕು ಒಂದು ರಾತ್ರಿಯಲ್ಲಿ ಮಿಂಚಿನಂತೆ ಬರುತ್ತದೆಂದು ಕಾಯಬೇಡಿ. ಓದುತ್ತಿರುವ ವಿಷಯವನ್ನು ಪ್ರಾಮಾಣಿಕವಾಗಿ ಓದಿ. ಇಷ್ಟವಿಲ್ಲದ ವಿಷಯವೂ ಶ್ರಮಿಸುವುದನ್ನು ಕಲಿಸುತ್ತದೆ. ನಿಮ್ಮನ್ನು ಹೊಗಳುವ ಹತ್ತು ಗೆಳೆಯರ ಜೊತೆಗೆ ತಿದ್ದುವ ಒಬ್ಬ ಗುರುವನ್ನು ಹುಡುಕಿಕೊಳ್ಳಿ. ವಾರಕ್ಕೆ ಒಂದೆರಡು ತಾಸು ಯಾರಿಗಾದರೂ ಉಪಯೋಗವಾಗುವ ಕೆಲಸ ಮಾಡಿ: ಪಕ್ಕದ ಬಡಾವಣೆಯ ಮಗುವಿಗೆ ಗಣಿತ ಹೇಳಿಕೊಡುವುದು, ಓದುಬರಹ ತಿಳಿಯದವರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವುದು. ನಿಮ್ಮ ಶಕ್ತಿ ಯಾವುದರಲ್ಲಿದೆ ಎಂದು ನಿಮಗೆ ಅಲ್ಲಿ ತಿಳಿಯುತ್ತದೆ. ತಿರುವು ಬಂದಾಗ ಇಸ್ತಿಖಾರ ಮಾಡಿ, ಅನುಭವಿಗಳೊಂದಿಗೆ ಸಮಾಲೋಚಿಸಿ. ಕೋರ್ಸು ಬದಲಿಸಲೇಬೇಕೆನಿಸಿದರೆ ಮೊದಲು ಇದನ್ನು ಕೇಳಿಕೊಳ್ಳಿ: ನಾನು ಕಷ್ಟದಿಂದ ಓಡುತ್ತಿದ್ದೇನೆಯೇ, ಅಥವಾ ಇನ್ನೂ ಹೆಚ್ಚಿನ ಕಷ್ಟವನ್ನು ಹೊರಲು ಸಿದ್ಧನಾಗಿ ಹೊರಟಿದ್ದೇನೆಯೇ? ಈ ಬದಲಾವಣೆಯ ಬೆಲೆಯನ್ನು ನಾನು ತೆರುತ್ತೇನೆಯೇ, ನನ್ನ ತಾಯಿ ತೆರುತ್ತಾಳೆಯೇ? ಉತ್ತರ ಸಿಕ್ಕಿದ ಮೇಲೆ ಅದನ್ನು ಮನೆಯವರ ಮುಂದೆ ಮುಚ್ಚುಮರೆಯಿಲ್ಲದೆ ಇಡಿ. ಅವರಿಂದ ಮರೆಮಾಚಿ ನಡೆಯುವ ದಾರಿಯಲ್ಲಿ ಹೆಚ್ಚಾಗಿ ನಾವೇ ನಮ್ಮಿಂದ ಏನನ್ನೋ ಮರೆಮಾಚುತ್ತಿರುತ್ತೇವೆ.

ಹಿರಿಯರೇ, ಮಕ್ಕಳು ನಿಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ತನ್ನು ಕಾಪಾಡಬೇಕು ನಿಜ, ಆದರೆ ಅದು ನಮ್ಮ ಸೊತ್ತಲ್ಲ. ನೀವು ಆಗಲಾರದ್ದನ್ನು ಆಗುವುದು ಮಗನ ಕರ್ತವ್ಯವಲ್ಲ. ಮಗಳು ಓದಲು ಹೊರಟಾಗ ಅಪಾಯಗಳನ್ನು ಮಾತ್ರ ಎಣಿಸಿ, ಅವಳಿಗೆ ಅಲ್ಲಾಹನು ಕೊಟ್ಟ ಬುದ್ಧಿಯ ಬಗ್ಗೆಯೂ ನಮ್ಮನ್ನು ಪ್ರಶ್ನಿಸಲಾಗುವುದೆಂಬುದನ್ನು ಮರೆಯಬೇಡಿ. ಆ ಬುದ್ಧಿಗೂ ಒಂದು ದಿಕ್ಕು ಬೇಕು, ಅದನ್ನು ಹುಡುಕುವ ಹಕ್ಕು ಅವಳಿಗೂ ಇದೆ. ಸಲಹೆ ಕೊಡಿ, ನಿಮ್ಮ ಕಷ್ಟವನ್ನು ಬಿಚ್ಚಿ ಹೇಳಿ, ದುಆ ಮಾಡಿ. ನಿಮ್ಮ ಸಾಲ ಎಷ್ಟಿದೆ ಎಂದು ತಿಳಿಯದ ಮಗ ಹೊಣೆಗಾರನಾಗಿ ಯೋಚಿಸುವುದಾದರೂ ಹೇಗೆ? ಆಮೇಲೆ ಅವನ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ, ನಡುವೆ ತಡೆಯದೆ.

ನ್ಯಾಯವಿಚಾರಣೆಯ ದಿನ ಯೌವನವನ್ನು ಯಾವುದರಲ್ಲಿ ಕಳೆದೆ, ಕಲಿತದ್ದನ್ನು ಏನು ಮಾಡಿದೆ ಎಂಬ ಪ್ರಶ್ನೆಗಳಿಗೆ ಉತ್ತರಿಸದೆ ಮನುಷ್ಯನು ಹೆಜ್ಜೆ ಕದಲಿಸಲಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಯಾವ ಕೋರ್ಸು ಓದಿದೆ, ಎಷ್ಟು ಸಂಬಳ ಪಡೆದೆ ಎಂಬುದು ಆ ಪ್ರಶ್ನೆಗಳ ಪಟ್ಟಿಯಲ್ಲಿಲ್ಲ. ಮುಂದಿನ ಸಲ ಹಾಸ್ಟೆಲಿನಿಂದ ಕರೆ ಬಂದಾಗ, ಅಂಕ ಎಷ್ಟು ಬಂತು, ಊಟ ಮಾಡಿದೆಯಾ ಎಂದು ಕೇಳಿದ ನಂತರ ಇನ್ನೊಂದನ್ನು ಸೇರಿಸಿ: ಈ ವಾರ ನೀನು ಕಲಿತದ್ದು ಯಾರಿಗಾದರೂ ಉಪಯೋಗಕ್ಕೆ ಬಂತೇ? ಮೊದಮೊದಲು ಅತ್ತ ಕಡೆಯಿಂದ ಮೌನವೇ ಬರಬಹುದು. ಕೇಳುವುದನ್ನು ನಿಲ್ಲಿಸಬೇಡಿ.